ದಾರಿಯ ಮೇಲೆ ಇಟ್ಟ ಐದು ಕಲ್ಲು

ಪಾರ್ಕು ಎಂದರೆ

ನಾನು ಕೂತಲ್ಲಿ ಕೂರುವ ಮನುಷ್ಯನಲ್ಲ. ಕುರುಗೋಡಿನಲ್ಲಿ ನನ್ನ ಅವ್ವ ರೊಟ್ಟಿ ಬಡಿಯುತ್ತ, "ಇವನ ಅಂಗಾಲಾಗ ಚಕ್ರ ಐತಿ. ಒಂದು ರೊಟ್ಟಿ ತಿನ್ನೂದರಾಗ ಮೂರು ಸಲ ಅಂಗಳಕ್ಕ ಹೋಗಿ ಬರ್ತಾನ" ಎನ್ನುತ್ತಿದ್ದಳು. ಆ ಚಕ್ರ ಕೊನೆಗೆ ನನ್ನನ್ನು ಅಮೆರಿಕದವರೆಗೂ ಉರುಳಿಸಿಕೊಂಡು ಹೋಯಿತು.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ತುಂಗಭದ್ರೆಗೆ ಅಡ್ಡಲಾಗಿ ಕಟ್ಟೆ ಏಳುತ್ತಿತ್ತು. ನಾನು ಸಿರುಗುಪ್ಪದ ಕಡೆ ಕಾಲುವೆಯ ಅಳತೆ ಹಿಡಿಯುತ್ತಿದ್ದ ಕಿರಿಯ ಇಂಜಿನಿಯರ್. ಅಮೆರಿಕದವರು ನೀರನ್ನು ಹೇಗೆ ಹಂಚುತ್ತಾರೆ ನೋಡಿಕೊಂಡು ಬನ್ನಿ ಎಂದು ಸರ್ಕಾರ ನನ್ನನ್ನೂ ಜೊತೆಯ ಇಂಜಿನಿಯರ್ ರಾಮಿರೆಡ್ಡಿಯನ್ನೂ ಆರು ತಿಂಗಳ ಮಟ್ಟಿಗೆ ಟೆನ್ನೆಸ್ಸಿ ರಾಜ್ಯಕ್ಕೆ ಕಳಿಸಿತು. ರೆಡ್ಡಿ ಸಿರುಗುಪ್ಪದವನೇ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ನನ್ನ ಚಡಪಡಿಕೆಯ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೊರಟಾಗ ಹೆಂಡತಿ ನೀಲಮ್ಮನಿಗೆ ಐದು ತಿಂಗಳು. ಮೊದಲಿನ ಎರಡು ಕೂಸುಗಳು ಹೆಸರಿಡುವ ಮೊದಲೇ ಹೋಗಿದ್ದವು. ಅವಳನ್ನು ತವರುಮನೆ ದೇಶನೂರಿನಲ್ಲಿ ಬಿಟ್ಟು ಬರುವಾಗ ಅವಳು ನನ್ನ ಮುಖ ನೋಡಲಿಲ್ಲ. ಗದ್ದೆಯ ಕಡೆ ನೋಡುತ್ತ "ಹೋಗಿ ಬರ್ರಿ" ಎಂದಳು, ಅಷ್ಟೇ. ಅವಳ ದಿನ ದೀಪಾವಳಿಯ ಹೊತ್ತಿಗೆ ತುಂಬುತ್ತಿತ್ತು. ಅವ್ವ ಊರಿನ ಮಾಸ್ತರರ ಕೈಯಲ್ಲಿ ಕಾಗದ ಬರೆಸುತ್ತಿದ್ದಳು. ವಿಮಾನದ ಟಪಾಲಿನ ಮೇಲೆ ಅವಳಿಗೆ ನಂಬಿಕೆಯಿಲ್ಲ, ಗಾಳಿಗೆ ಹಾರಿಹೋಗತೈತಿ ಎಂದು ಹಡಗಿನಲ್ಲೇ ಹಾಕಿಸುತ್ತಿದ್ದಳು. ಹಾಗಾಗಿ ಬಂದ ಕಾಗದವೆಲ್ಲ ಒಂದೂವರೆ ತಿಂಗಳ ಹಳೆಯದು. ಇನ್ನು ತಂತಿ ಬಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಯಾರೋ ಸತ್ತರು ಎಂದು. ಆದ್ದರಿಂದ ಬಾಗಿಲಲ್ಲಿ ತಂತಿಯವನ ಸೈಕಲ್ಲಿನ ಸದ್ದಾದರೆ ನನಗೆ ಎದೆ ಧಸಕ್ಕೆನ್ನುತ್ತಿತ್ತು, ಸದ್ದಾಗದಿದ್ದರೆ ಎದ್ದು ಕಿಟಕಿಗೆ ಹೋಗುತ್ತಿದ್ದೆ.

ನಾವು ಇಳಿದುಕೊಂಡಿದ್ದದ್ದು ಹಾರ್ಪರ್ ಎಂಬ ಮುದುಕ ಮುದುಕಿಯ ಮನೆಯಲ್ಲಿ. ಆತ ನಿವೃತ್ತ ಶಾಲಾ ಮಾಸ್ತರ. ಎಪ್ಪತ್ತರ ಮೇಲಿನ ವಯಸ್ಸು, ಕಣ್ಣು ಮಂದ, ಫರ್ನ್ ಎನ್ನುವ ಜರೀಗಿಡಗಳ ಹುಚ್ಚು. ಆಕೆ ಗಂಡನಿಗಿಂತ ಚುರುಕು. ಅಕ್ಟೋಬರಿನ ಒಂದು ಶನಿವಾರ ಆಕೆ, "ನೀನು ಕೋಣೆಯಲ್ಲಿ ನಡೆದೂ ನಡೆದೂ ನಮ್ಮ ಜಮಖಾನ ಸವೆಸುತ್ತಿದ್ದೀಯ. ನಾಳೆ ನಾಲ್ವರೂ ಪಾರ್ಕಿಗೆ ಹೋಗೋಣ" ಎಂದರು.

ಪಾರ್ಕು ಎಂದರೆ ನನಗೆ ಗೊತ್ತಿದ್ದದ್ದು ಬಳ್ಳಾರಿಯದು. ನಾಲ್ಕು ಬೆಂಚು, ನೀರಿಲ್ಲದ ಕಾರಂಜಿ, ಸಂಜೆ ಕಂಬದ ಮೇಲೆ ರೇಡಿಯೋ, ಅದರ ಕೆಳಗೆ ಕಡಲೆಕಾಯಿ. ನಾನು ಹೊಸ ಬೂಟು ಹಾಕಿಕೊಂಡೆ. ರೆಡ್ಡಿ ಉದ್ದನೆಯ ಕೋಟು ತೊಟ್ಟು ರುಮಾಲು ಸುತ್ತಿ, ಕೈಯಲ್ಲಿ ಕೊಡೆ ಹಿಡಿದು, ಮದುವೆಯ ಬೀಗನಂತೆ ಕಾರಿನಲ್ಲಿ ಕೂತ. ಎರಡು ಗಂಟೆ ಪ್ರಯಾಣವಾದ ಮೇಲೆ ಕಾರು ನಿಂತದ್ದು ಒಂದು ಇಡೀ ಪರ್ವತದ ಬುಡದಲ್ಲಿ.

"ಇದಾ ಪಾರ್ಕು?" ಎಂದ ರೆಡ್ಡಿ. "ಓರಿ ನಾಯನೋ! ಇದರಾಗ ನಮ್ಮ ಸಿರುಗುಪ್ಪ ತಾಲ್ಲೂಕ ಮುಳುಗಿ ಹೋಗತೈತಿ."

ಬಾಗಿಲು

ರಾಜ್ಯ ಸರ್ಕಾರವೇ ಇಟ್ಟುಕೊಂಡ ಕಾಡು ಅದು. ಬಾಗಿಲಲ್ಲಿ ಅಗಲ ಟೋಪಿಯ ಗಾರ್ಡೊಬ್ಬ ಕಾರಿನೊಳಗೆ ಬಗ್ಗಿ ನೋಡಿದ. ನನ್ನನ್ನು ನೋಡಿದ, ರೆಡ್ಡಿಯ ರುಮಾಲನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. "ಇವರು ಇಂಡಿಯಾದ ಅತಿಥಿಗಳು" ಎಂದರು ಶ್ರೀಮತಿ ಹಾರ್ಪರ್, ಸ್ವಲ್ಪ ಜೋರಾಗಿಯೇ. ಅವನು ಕೈ ಬೀಸಿ ಒಳಗೆ ಬಿಟ್ಟ. ನಮ್ಮ ಹಿಂದಿನ ಕಾರಿನಲ್ಲಿ ಒಂದು ಕಪ್ಪು ಜನರ ಕುಟುಂಬವಿತ್ತು. ಅಪ್ಪ, ಅವ್ವ, ಹಿಂದಿನ ಸೀಟಿನಲ್ಲಿ ಬುತ್ತಿಯ ಬುಟ್ಟಿ ಹಿಡಿದ ಅಜ್ಜಿ. ಆ ಕಾರು ತಿರುಗಿ ಹೋಯಿತು. ಅಂಥವರಿಗೆ ಬೇರೆ ಪಾರ್ಕು ಇದೆಯಂತೆ, ಎಲ್ಲೋ ದೂರ.

"ರುಮಾಲು ಇರಲಿಕ್ಕಂದ್ರ ನಮ್ಮನ್ನೂ ಹಿಂಗ ತಿರುಗಿಸ್ತಿದ್ರು" ಎಂದ ರೆಡ್ಡಿ ಮೆಲ್ಲಗೆ. ನನಗೆ ಸಿಟ್ಟು ಬಂತು. ಬಂದ ಹಾಗೆಯೇ ತಣ್ಣಗಾಯಿತು. ನಮ್ಮೂರ ಸೇದುವ ಬಾವಿಯ ಕಟ್ಟೆ ನೆನಪಾಯಿತು. ಅದರ ಕೆಳಗೆ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ನೀರು ಹೊಯ್ದಾರು ಎಂದು ಕಾಯುತ್ತ ನಿಲ್ಲುವವರು ನೆನಪಾದರು. ನಾನು ಆ ಬಾವಿಯ ನೀರು ಕುಡಿದು ಬೆಳೆದವನು. ಯಾವ ಬಾಯಿಂದ ಯಾರಿಗೆ ಬೈಯಲಿ?

ಕಾರು ಬಿಟ್ಟ ಜಾಗದಲ್ಲಿ ಇನ್ನೊಬ್ಬ ಗಾರ್ಡ್, ಹರೆಯದವನು, ದಾರಿಯ ಗುರುತುಗಳ ಬಗ್ಗೆ ಬಹಳ ಹೊತ್ತು ಏನೋ ವಿವರಿಸಿದ. ನನ್ನ ಕಿವಿ ಅಲ್ಲಿರಲಿಲ್ಲ. ದೀಪಾವಳಿಗೆ ಇನ್ನು ಎಷ್ಟು ದಿನ ಎಂದು ಬೆರಳೆಣಿಸುತ್ತಿದ್ದೆ. ಆದರೂ ಎಲ್ಲದಕ್ಕೂ ತಲೆಯಾಡಿಸಿದೆ. ಎಲ್ಲದಕ್ಕೂ ತಲೆಯಾಡಿಸುವುದು ನನ್ನ ಎರಡನೆಯ ದುರ್ಗುಣ.

ಮೊದಲ ನೋಟದ ಕಟ್ಟೆ

ದೂರದ ಬೆಟ್ಟ ನುಣ್ಣಗೆ ಎನ್ನುವ ಗಾದೆ ಕಟ್ಟಿದವನು ನಮ್ಮ ಕಡೆಯವನಾಗಿರಲಾರ. ನಮ್ಮ ಗುಡ್ಡಗಳು ದೂರದಿಂದಲೂ ಒರಟೇ. ಬಳ್ಳಾರಿಯ ಗುಡ್ಡ ಒಂದೇ ಬಂಡೆ, ಕುರುಗೋಡಿನದು ಬಂಡೆಗಳ ರಾಶಿ. ಹುಡುಕಿದರೆ ನಾಲ್ಕು ಮುಳ್ಳುಕಂಟಿ ಸಿಕ್ಕಾವು. ಬುಡದಲ್ಲಿ ನಿಂತವನಿಗೆ ತುದಿಯಲ್ಲಿ ಇರುವವನು ಕಾಣುತ್ತಾನೆ, ತುದಿಯವನಿಗೆ ಸುತ್ತಲಿನ ಎರೆಭೂಮಿ ಆಕಾಶ ಮುಟ್ಟುವವರೆಗೂ ಕಾಣುತ್ತದೆ. ಇಲ್ಲಿ ಹತ್ತು ಹೆಜ್ಜೆಯ ಆಚೆ ಏನೂ ಕಾಣದು. ಬರೀ ಮರ, ಮರದ ಹಿಂದೆ ಮರ. ಎಲೆಗಳೆಲ್ಲ ಕೆಂಪಾಗಿದ್ದವು, ಕಣದಲ್ಲಿ ಮೆಣಸಿನಕಾಯಿ ಒಣಹಾಕಿದಂತೆ. ಚೆಂದವೇನೋ ಹೌದು. ನನಗೆ ಮಾತ್ರ ಉಸಿರು ಕಟ್ಟಿದಂತಾಗುತ್ತಿತ್ತು. ಮುಂದೆ ಏನಿದೆಯೋ ಕಾಣದ ಜಾಗದಲ್ಲಿ ನನ್ನ ಕಾಲು ತಾನಾಗಿ ಓಡುತ್ತದೆ.

ಆ ಜನ ನಡೆಯುವ ರೀತಿಯೇ ಬೇರೆ. ಗುಂಪಾಗಿ ಬರುತ್ತಾರೆ, ಒಬ್ಬೊಬ್ಬರಾಗಿ ನಡೆಯುತ್ತಾರೆ. ಎದುರಿಗೆ ಬಂದವರು ಹಲ್ಲು ಕಾಣಿಸಿ ಒಂದು ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ಯಾವೂರು, ಯಾರ ಮಗ, ಮಕ್ಕಳೆಷ್ಟು ಎಂದು ಕೇಳುವುದಿಲ್ಲ. ಹಾರ್ಪರ್ ಪ್ರತಿ ಜರೀಗಿಡಕ್ಕೂ ಬಗ್ಗಿ ಭೂತಗನ್ನಡಿ ಹಿಡಿಯುತ್ತಿದ್ದರು. "ನನಗಾಗಿ ಕಾಯಬೇಡಿ. ಗುರುತು ನೋಡಿಕೊಂಡು ನಿಧಾನವಾಗಿ ಬರುತ್ತೇನೆ" ಎಂದರು. ಊರಲ್ಲಾಗಿದ್ದರೆ ಹಿರಿಯರನ್ನು ಹಿಂದೆ ಬಿಟ್ಟು ಗುಡ್ಡ ಹತ್ತಿದವನ ಬೆನ್ನಿಗೆ ಅವ್ವನ ಕೈ ಬೀಳುತ್ತಿತ್ತು. ಇಲ್ಲಿ ಹೆಂಡತಿಯೇ ಗಂಡನನ್ನು ಬಿಟ್ಟು ಮುಂದೆ ನಡೆದರು. ಹಾಗಿದ್ದಮೇಲೆ ನನಗೇನು ಎಂದು ನಾನೂ ಬೀಸುಗಾಲು ಹಾಕಿದೆ.

ಅರ್ಧ ದಾರಿಯಲ್ಲಿ ಮೊದಲ ನೋಟದ ಕಟ್ಟೆ. ಮರದ ಕಟಾಂಜನದಾಚೆ ಪ್ರಪಾತ, ಅದರಾಚೆ ನೀಲಿ ಬೆಟ್ಟಗಳ ಸಾಲು. ಒಂದು ಕುಟುಂಬ ಬಂತು, ಚೆಂದ ಎಂದಿತು, ಫೋಟೋ ತೆಗೆಯಿತು, ಹೋಯಿತು. ಶ್ರೀಮತಿ ಹಾರ್ಪರ್ ಬೆಂಚಿನ ಮೇಲೆ ಕೂತು ಹೆಣಿಗೆ ತೆಗೆದರು. ರೆಡ್ಡಿ ಕೊಡೆ ಬಿಚ್ಚಿ ಅದರಡಿ ಮಲಗಿದ. ನಾನು ಎರಡು ನಿಮಿಷ ಕೂತೆ. "ಮುಂದೆ ಹೋಗಿರುತ್ತೇನೆ" ಎಂದು ಎದ್ದೆ.

"ಯಾರದರ ಹೆಣ ಹೊಂಟೈತೇನಲೇ, ಇಷ್ಟ ಅವಸರ?" ಎಂದ ರೆಡ್ಡಿ ಕಣ್ಣು ತೆರೆಯದೆ.

ಬಂಡೆಯ ಕವಲು

ಸ್ವಲ್ಪ ಮೇಲೆ ಮರಗಳು ಮುಗಿದು ಬೋಳು ಬಂಡೆ ಸಿಕ್ಕಿತು. ಅದನ್ನು ಕಂಡು ನನಗೆ ತವರಿಗೆ ಬಂದ ಹೆಣ್ಣಿನಷ್ಟು ಸಂತೋಷವಾಯಿತು. ಬಂಡೆಯ ಮೇಲೆ, ನಾಲ್ಕಾರು ಮಾರಿಗೊಂದರಂತೆ, ಕಲ್ಲಿನ ಮೇಲೆ ಕಲ್ಲಿಟ್ಟ ಪುಟ್ಟ ಗುಡ್ಡೆಗಳು. ನಾನು ನಿಂತುಬಿಟ್ಟೆ.

ನಮ್ಮಲ್ಲಿ ದೇವರ ಗುಡ್ಡ ಹತ್ತಿದವರು ಹೀಗೇ ಮಾಡುತ್ತಾರೆ. ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟಿ ಬೇಡಿಕೊಂಡರೆ ನಮ್ಮ ಮನೆ ನಿಲ್ಲುತ್ತದೆ. ಮನೆ ಎಂದರೆ ಗೋಡೆಯಷ್ಟೇ ಅಲ್ಲ, ಸಂಸಾರ, ಮಕ್ಕಳು, ಎಲ್ಲ. ಹಡಗು ಹತ್ತುವ ಮೊದಲು ಅವ್ವ ನನಗೆ ಹೇಳಿದ ಮಾತು ಎರಡು. ಒಂದು, ಬಾಡು ತಿನ್ನಬ್ಯಾಡ. ಇನ್ನೊಂದು, "ಯಾವ ದೇಶದ ಗುಡ್ಡ ಆಗಲಿ, ಏರಿದ ಮ್ಯಾಲೆ ಮನಿ ಕಟ್ಟದ ಇಳೀಬ್ಯಾಡಪ್ಪಾ."

ಇವರೂ ನಮ್ಮಂಥವರೇ ಎನಿಸಿ ಕಣ್ಣು ತುಂಬಿತು. ಹಲ್ಲು ಕಾಣಿಸಿ ಮುಂದೆ ಹೋಗುವ ಈ ಜನಕ್ಕೂ ಒಳಗೊಳಗೆ ಬೇಡಿಕೊಳ್ಳುವುದು ಇದೆಯಲ್ಲ! ಅಲ್ಲಿ ದಾರಿ ಎರಡಾಗುತ್ತಿತ್ತು. ಗುಡ್ಡೆಗಳ ಸಾಲು ಬಲಕ್ಕೆ ಏರುತ್ತಿತ್ತು. ಎಡಕ್ಕೆ ಸವೆದ ಒಂದು ಜಾಡು ಬಂಡೆಯ ಅಂಚಿಗೆ ಹೋಗಿ ಕೆಳಗೆ ಇಳಿಯುತ್ತಿತ್ತು. ಇನ್ನೊಬ್ಬರ ಮನೆಯ ಪಕ್ಕ ಯಾಕೆ, ಅಂಚಿನಲ್ಲಿ ಬಯಲು ಕಾಣುತ್ತದೆ ಎಂದು ನಾನು ಎಡಕ್ಕೆ ಹೋದೆ. ಬೂಟು ಬಿಚ್ಚಿಟ್ಟೆ. ಐದು ಕಲ್ಲು ಆರಿಸಿ ತಂದು, ದೊಡ್ಡದು ಕೆಳಗೆ, ಸಣ್ಣದು ಮೇಲೆ, ಅಲುಗದಂತೆ ಕೂರಿಸಿದೆ. ಕಟ್ಟಡದ ಕೆಲಸ ನನ್ನ ಹೊಟ್ಟೆಪಾಡು. ಅದು ಚೆನ್ನಾಗಿಯೇ ಬಂತು. ನಮ್ಮೂರ ದೇವರಿರುವ ಕುರುಗೋಡು ಯಾವ ದಿಕ್ಕಿಗೋ ತಿಳಿಯದೆ ನಾಲ್ಕು ದಿಕ್ಕಿಗೂ ಕೈಮುಗಿದು, "ದೊಡ್ಡಬಸಪ್ಪಾ, ಈ ಸಲದ ಕೂಸು ಉಳಿಸಿಕೊಡು, ನೀಲಿಯನ್ನು ಉಳಿಸಿಕೊಡು" ಎಂದೆ. ಎಷ್ಟೋ ವಾರಗಳ ಮೇಲೆ ಎದೆ ಹಗುರಾಯಿತು.

ತುದಿ

ಕವಲಿಗೆ ಮರಳಿ ಬಲದ ದಾರಿಯಲ್ಲಿ ಏರಿದೆ. ತುದಿಯಲ್ಲಿ ಇನ್ನೊಂದು ನೋಟದ ಕಟ್ಟೆ. ಮುಕ್ಕಾಲು ಗಂಟೆಯ ಮೇಲೆ ರೆಡ್ಡಿ ಏದುಸಿರು ಬಿಡುತ್ತ ಬಂದು ಸುತ್ತ ನೋಡಿದ.

"ಗುಡಿ ಎಲ್ಲೈತಿ?"

"ಇಲ್ಲ."

"ದರ್ಗಾನಾದ್ರೂ?"

"ಏನೂ ಇಲ್ಲಪಾ. ನೋಡಿ ಇಳಿಯೂದು, ಅಷ್ಟ."

"ಮ್ಯಾಲೆ ಯಾರೂ ಇಲ್ಲಂದ್ರ ಯಾರನ್ನ ನೋಡಾಕ ಬಂದ್ವಿ?" ಎಂದು ರೆಡ್ಡಿ ನಿಜವಾಗಿಯೂ ನೊಂದುಕೊಂಡ.

ಶ್ರೀಮತಿ ಹಾರ್ಪರ್ ಬಂದು ಬ್ರೆಡ್ಡು, ಜಾಮು, ಸೇಬು ಹರಡಿದರು. ನಾವು ತಿಂದೆವು. ಹಾರ್ಪರ್ ಬರಲಿಲ್ಲ. ಆಕೆ ಗಡಿಯಾರ ನೋಡಿದರು, ಹೆಣೆದರು, ಮತ್ತೆ ನೋಡಿದರು. "ಇಷ್ಟು ತಡ ಮಾಡುವವರಲ್ಲ" ಎಂದಾಗ ದನಿ ಮೊದಲಿನಂತೆ ಇರಲಿಲ್ಲ. ಬಿಸಿಲು ಇಳಿಮುಖವಾಗಿತ್ತು.

ಕೆಳಗೆ ಹೊರಟೆವು. ಏರಿ ಬರುತ್ತಿದ್ದ ನಾಲ್ವರನ್ನು ಕೇಳಿದೆವು, ಕೋಲು ಹಿಡಿದ ಮುದುಕನನ್ನು ಯಾರೂ ಕಂಡಿರಲಿಲ್ಲ. ಮೊದಲ ಕಟ್ಟೆಯಲ್ಲೂ ಇರಲಿಲ್ಲ. ಅಲ್ಲಿ ಸಿಕ್ಕ ಹರೆಯದ ಗಾರ್ಡ್‌ನನ್ನು ಕರೆದುಕೊಂಡು ಮತ್ತೆ ಬಂಡೆಗೆ ಬಂದೆವು. ಅವನು ಕವಲಿನಲ್ಲಿ ನಿಂತು ಎಡಕ್ಕೆ ನೋಡಿದ, ಅವನ ಹುಬ್ಬು ಗಂಟಾಯಿತು.

"ಈ ಗುರುತನ್ನು ಇಲ್ಲಿ ಇಟ್ಟವರು ಯಾರು? ಇದು ಹಳೆಯ ಜಾಡು. ಮಳೆಗೆ ಕುಸಿದು ಹೋಗಿದೆ ಎಂದು ಮುಚ್ಚಿದ್ದೇವೆ. ಬಂಡೆಯ ಮೇಲೆ ಬಣ್ಣ ನಿಲ್ಲುವುದಿಲ್ಲ, ಅದಕ್ಕೇ ಕಲ್ಲಿಟ್ಟು ದಾರಿ ತೋರಿಸುವುದು. ಬೆಳಗ್ಗೆ ಹೇಳಿದ್ದೆನಲ್ಲ."

ಆಗ ನನಗೆ ಹೊಳೆಯಿತು. ಆ ಗುಡ್ಡೆಗಳು ಯಾರ ಬೇಡಿಕೆಯೂ ಅಲ್ಲ, ದಾರಿಯ ಗುರುತು. ಕಣ್ಣು ಮಂದವಾದ ಮನುಷ್ಯ ಕಲ್ಲಿನ ಗುಡ್ಡೆಯನ್ನೇ ನಂಬಿ ನಡೆದಿದ್ದಾನೆ, ಅದರಲ್ಲಿ ಒಂದು ನನ್ನದು.

"ಯಾವನೋ ಕಿಡಿಗೇಡಿಯ ಕೆಲಸ" ಎಂದ ಗಾರ್ಡ್. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದ ಗಳಿಗೆಗೆ ಇವತ್ತಿಗೂ ನಾಚುತ್ತೇನೆ. ರೆಡ್ಡಿ ಒಮ್ಮೆ ಗುಡ್ಡೆಯನ್ನು, ಒಮ್ಮೆ ನನ್ನನ್ನು ನೋಡಿದ. ಅವನೂ ನಮ್ಮ ಕಡೆಯವನು, ಒಂದೇ ನೋಟಕ್ಕೆ ಅವನಿಗೆ ತಿಳಿಯಿತು.

ಅಂಚಿನ ಕೆಳಗೆ

ಆ ಜನ ಕೂಗುವುದಿಲ್ಲ. ಶ್ರೀಮತಿ ಹಾರ್ಪರ್ ಅಂಚಿನಲ್ಲಿ ನಿಂತು, ಪಕ್ಕದ ಕೋಣೆಯಿಂದ ಕರೆದಂತೆ ಗಂಡನ ಹೆಸರು ಹಿಡಿದು ಎರಡು ಸಲ ಕರೆದರು. ಎದುರು ಬೆಟ್ಟಕ್ಕೂ ಅದು ಮುಟ್ಟಲಿಲ್ಲ. ನಾನು ತಡೆಯಲಾರದೆ ಮುಂದೆ ಹೋದೆ. ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟಣಿಗೆ ಏರಿ ಹಕ್ಕಿ ಓಡಿಸುತ್ತಿದ್ದ ಕಂಠ ಅದು, ಎರಡು ಕೈ ಬಾಯಿಗಿಟ್ಟು "ಓ... ಹೋ... ಹೋಯ್" ಎಂದು ಕೂಗಿದೆ. ಆಕೆ ಬೆಚ್ಚಿಬಿದ್ದರು. ರೆಡ್ಡಿಯೂ ದನಿಗೂಡಿಸಿದ. ಹತ್ತನೆಯದೋ ಹನ್ನೊಂದನೆಯದೋ ಕೂಗಿಗೆ ಕೆಳಗಿನಿಂದ ಟಕ್ ಟಕ್ ಎಂದು ಕೋಲು ಕಲ್ಲಿಗೆ ಬಡಿದ ಸದ್ದು ಬಂತು.

ಮಣ್ಣು ಕುಸಿದ ಇಳಿಜಾರಿನಲ್ಲಿ, ಇನ್ನು ಎರಡು ಮಾರು ಜಾರಿದ್ದರೆ ಪ್ರಪಾತ ಎನ್ನುವಲ್ಲಿ, ಒಂದು ಮರದ ಬೇರಿಗೆ ಆತು ಹಾರ್ಪರ್ ಕೂತಿದ್ದರು. ಪಾದ ಉಳುಕಿ ಬಾತಿತ್ತು, ಹಣೆ ತರಚಿತ್ತು. ಮಡಿಲಲ್ಲಿ ಒಂದು ಜರೀಗಿಡದ ಎಲೆ. ಹೆಂಡತಿಯನ್ನು ಕಂಡು, "ಕಲ್ಲುಗಳನ್ನೇ ಹಿಡಿದು ಬಂದೆ. ಕೊನೆಯದು ಎಲ್ಲಕ್ಕಿಂತ ಅಚ್ಚುಕಟ್ಟಾಗಿತ್ತು, ಅದಕ್ಕೆ ಅನುಮಾನ ಬರಲಿಲ್ಲ" ಎಂದರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಆಕೆ ಅಲ್ಲೇ ಮಣ್ಣಿನಲ್ಲಿ ಕೂತು ಗಂಡನ ತೋಳಿಗೆ ಮುಖವಿಟ್ಟು ಅತ್ತರು.

ಗಾರ್ಡ್, ರೆಡ್ಡಿ, ನಾನು ಸೇರಿ ಅವರನ್ನು ಕೈಜೋಡಿಸಿ ಎತ್ತಿಕೊಂಡು ಬಂಡೆಗೆ ತಂದೆವು. ಇಳಿಸಿದೊಡನೆ ರೆಡ್ಡಿ ನನ್ನ ಕಿವಿಯ ಹತ್ತಿರ ಬಂದ.

"ನೀ ಹೇಳ್ತೀಯೋ, ನಾ ಹೇಳ್ಲೋ?"

ಹೇಳಿದೆ. ಹರುಕುಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಅವ್ವನ ಮಾತು, ನಮ್ಮ ಗುಡ್ಡದ ಪದ್ಧತಿ, ಎಡಕ್ಕೆ ಹೋದದ್ದು, ಗಾರ್ಡ್ ಬೈದಾಗ ಬಾಯಿ ಮುಚ್ಚಿಕೊಂಡದ್ದು. ಗಾರ್ಡ್‌ನ ಮುಖ ಕೆಂಪಾಯಿತು. ಶ್ರೀಮತಿ ಹಾರ್ಪರ್ ಕಣ್ಣೊರೆಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಏನು ಬೇಡಿಕೊಂಡೆ?"

ನಾನು ಹೇಳಿದೆ. ಹೋದ ಎರಡು ಕೂಸುಗಳ ವಿಷಯ ಆ ದೇಶದಲ್ಲಿ ನಾನು ರೆಡ್ಡಿಗೂ ಹೇಳಿರಲಿಲ್ಲ.

"ಆ ಗುಡ್ಡೆ ಇಲ್ಲಿ ಇರುವಂತಿಲ್ಲ" ಎಂದ ಗಾರ್ಡ್ ಕೊನೆಗೆ, ಮೆತ್ತಗೆ. "ಹಿಂದೆ ಬರುವವರಿದ್ದಾರೆ." ಒದೆಯಲು ಅವನು ಎತ್ತಿದ ಕಾಲು ಅರ್ಧದಲ್ಲೇ ನಿಂತಿತು.

"ಬೇಡ, ನಾನೇ ತೆಗೆಯುತ್ತೇನೆ" ಎಂದೆ. ಬೂಟು ಬಿಚ್ಚಿ ಕುಳಿತೆ. ಮೇಲಿನ ಸಣ್ಣ ಕಲ್ಲಿನ ಮೇಲೆ ಕೈಯಿಟ್ಟೆ, ಎತ್ತಲಾಗಲಿಲ್ಲ. ಕಟ್ಟಿದ ಮನೆಯನ್ನು ಕಟ್ಟಿದವನೇ ಕೆಡವಿದರೆ ಏನಾಗುತ್ತದೆ ಎಂದು ಅವ್ವ ಎಂದೂ ಹೇಳಿರಲಿಲ್ಲ. ಅಂಥದ್ದನ್ನು ಯಾರೂ ಮಾಡುವುದಿಲ್ಲವಲ್ಲ. ನೀಲಿಯ ಮುಖ ಕಣ್ಣಿಗೆ ಬಂತು, ನನ್ನನ್ನು ನೋಡದ ಮುಖ. ಬಂಡೆಯ ಕೆಳಗಿನಿಂದ ಯಾರೋ ಮಾತಾಡಿಕೊಂಡು ಏರಿ ಬರುವ ದನಿ ಕೇಳಿಸಿತು, ಅದರಲ್ಲೊಂದು ಮಗುವಿನ ದನಿ. ಕಣ್ಣು ಮುಚ್ಚಿ ಎತ್ತಿದೆ. ಒಂದೊಂದಾಗಿ ಐದನ್ನೂ ಎತ್ತಿ ಮರಗಳ ಬುಡಕ್ಕೆ ಇಟ್ಟು ಬಂದೆ.

ಟಪಾಲು

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಹಾರ್ಪರ್ ಪಾದವನ್ನು ಮಣೆಯ ಮೇಲಿಟ್ಟು ಕೂತಿರುತ್ತಿದ್ದರು. ನಾನು ಅವರಿಗೆ ಪುಸ್ತಕ ತಂದುಕೊಡುವುದು, ಕೋಲು ಕೊಡುವುದು, ಕಿಟಕಿಯಿಂದ ಬೀದಿ ನೋಡುವುದು. ದೀಪಾವಳಿ ಬಂತು, ಹೋಯಿತು. ತಂತಿ ಬರಲಿಲ್ಲ, ಕಾಗದವೂ ಬರಲಿಲ್ಲ. ಕೆಡವಿದೆನಲ್ಲ, ನಾನೇ ಕೆಡವಿದೆನಲ್ಲ ಎಂದು ಒಂದೇ ಮಾತು ತಲೆಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿತ್ತು.

ನವೆಂಬರಿನ ಒಂದು ಮಧ್ಯಾಹ್ನ ಕಾಗದ ಬಂತು. ಮಾಸ್ತರರ ದುಂಡು ಅಕ್ಷರ, ಅವ್ವನ ಮಾತು.

"ನಿನ್ನಿ ಹೆಣ್ಣು ಕೂಸು ಹುಟ್ಟೈತಿ. ತಿಂಗಳು ತುಂಬೂ ಮೊದ್ಲ ಬಂದೈತಿ, ನಿನ್ನ ಹಂಗ ಅವಸರದ್ದು. ಅಂಗೈಯಷ್ಟ ಐತಿ, ಆದ್ರ ಅಳು ಕೇಳಿದ್ರ ದೇಶನೂರ ತುಂಬ ಎದ್ದು ಕುಂದರ್ತಾರ. ನೀಲಿ ಆರಾಮ ಅದಾಳ. ತಂತಿ ಕೊಡೂಣು ಅಂತ ನಿಮ್ಮ ಮಾವ ಅಂದ್ರು. ತಂತಿ ನೋಡಿ ನೀ ಎದಿ ಒಡಕೊಂಡೀ ಅಂತ ನಾ ಬ್ಯಾಡ ಅಂದೆ."

ಮೇಲೆ ಬರೆದ ತಾರೀಖು ನೋಡಿದೆ. ಎರಡು ಸಲ ಲೆಕ್ಕ ಹಾಕಿದೆ. ನಾನು ಬಂಡೆಯ ಮೇಲೆ ನಾಲ್ಕು ದಿಕ್ಕಿಗೆ ಕೈಮುಗಿದ ದಿನ ನನ್ನ ಮಗಳು ಹದಿನೆಂಟು ದಿನದವಳು. ಆಗಲೇ ಕೊಟ್ಟಾಗಿದ್ದನ್ನು ಬೇಡಿಕೊಂಡಿದ್ದೆ, ಅದಕ್ಕಾಗಿ ಒಬ್ಬ ಮುದುಕನನ್ನು ಪ್ರಪಾತದ ಅಂಚಿಗೆ ಕಳಿಸಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಕಾಗದವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಹಾರ್ಪರ್ ತಮ್ಮ ಬಾತ ಪಾದವನ್ನು ನೋಡಿಕೊಂಡು, "ಹಾಗಾದರೆ ನಾನು ಬಿದ್ದದ್ದು ದಂಡ" ಎಂದು ಬಿದ್ದು ಬಿದ್ದು ನಕ್ಕರು. ಶ್ರೀಮತಿ ಹಾರ್ಪರ್ ಮಾತ್ರ ನಗಲಿಲ್ಲ. ಒಳಗೆ ಹೋಗಿ ಹೆಣಿಗೆ ತಂದು ನನ್ನ ಕೈಗಿಟ್ಟರು. ಬೆಟ್ಟದ ಬೆಂಚಿನ ಮೇಲೆ ಅವರು ಗಂಡನಿಗಾಗಿ ಶುರುಮಾಡಿದ್ದ ಕಾಲುಚೀಲದ ಉಣ್ಣೆ ಅದು. ಈಗ ಅದು ಅಂಗೈಯಷ್ಟು ಕುಲಾವಿಯಾಗಿತ್ತು. ಕಾಗದ ಬರುವ ಮೊದಲೇ, ಏನು ಸುದ್ದಿ ಬರುತ್ತದೋ ತಿಳಿಯದೆಯೇ, ಆಕೆ ಅದನ್ನು ಹೆಣೆದು ಮುಗಿಸಿದ್ದರು.

ಕುರುಗೋಡು

ಬೇಸಿಗೆಗೆ ಮೊದಲು ಊರು ಸೇರಿದೆ. ಬಂದ ವಾರವೇ ಅವ್ವ, ನೀಲಿ, ಕೂಸು, ನಾನು ಗುಡ್ಡ ಹತ್ತಿದೆವು. ಕೂಸಿನ ತಲೆಯ ಮೇಲೆ ಟೆನ್ನೆಸ್ಸಿಯ ಕುಲಾವಿ, ಆಗಲೇ ಬಿಗಿಯಾಗಿತ್ತು. ನಾನು ಎಲ್ಲರಿಗಿಂತ ಹಿಂದೆ, ಅವ್ವನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಏರಿದೆ. "ಅಂಗಾಲಿನ ಚಕ್ರ ಅಲ್ಲೇ ಬಿಟ್ಟು ಬಂದೀಯೇನು?" ಎಂದಳು ಅವ್ವ.

ಮೇಲೆ ಹೋಗಿ ಅವಳು ಕಲ್ಲು ಆರಿಸಿದಳು, ಜನ ಏರುವ ದಾರಿಯ ನಡುವೆಯೇ ಮನೆ ಕಟ್ಟಲು ಕೂತಳು. ನಾನು ಒಂದೊಂದೇ ಕಲ್ಲು ಎತ್ತಿ ದಾರಿಯಿಂದ ಐದಾರು ಮಾರು ಆಚೆ ಇಟ್ಟೆ.

"ಯಾಕಲೇ?"

"ಹಿಂದ ಬರೋರಿಗೆ ದಾರಿ ತಪ್ಪತೈತವ್ವಾ."

ಅವ್ವ ಬೋಳು ಗುಡ್ಡವನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಬುಡದಲ್ಲಿ ಮೇಯುವ ಕುರಿಯೂ ಅಲ್ಲಿಂದ ಕಾಣುತ್ತಿತ್ತು. "ಇಲ್ಲಿ ದಾರಿ ತಪ್ಪಾಕ ಏನೈತೋ ಹುಚ್ಚಪ್ಪಾ!" ಎಂದು ನಕ್ಕಳು. ನೀಲಿ ನಗಲಿಲ್ಲ. ಅವಳಿಗೆ ಎಲ್ಲ ಹೇಳಿದ್ದೆ. ಈ ಸಲ ನನ್ನ ಮುಖವನ್ನೇ ನೋಡುತ್ತ, ಕೂಸನ್ನು ನನ್ನ ತೋಳಿಗೆ ಕೊಟ್ಟು, ದಾರಿಯ ನಡುವೆ ಉಳಿದಿದ್ದ ಕೊನೆಯ ಕಲ್ಲನ್ನು ತಾನೇ ಎತ್ತಿಕೊಂಡು ಬಂದಳು.